ಒಂದು ನಿಮಿಷದ ಹಾಡು

ಹಾಡು ಕೇಳಿ ಮನುಷ್ಯರನ್ನು ಆರಿಸಿಕೊಳ್ಳುವ ಪದ್ಧತಿ ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ನಮ್ಮ ತಾಯಂದಿರ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಾಟನ್ನು ಪಕ್ಕಕ್ಕೆ ಸರಿಸಿ, ಚಹದ ಬಟ್ಟಲನ್ನು ಕೆಳಗಿಟ್ಟು, 'ಹುಡುಗೀಗೆ ಹಾಡು ಬರತಾವೇನ್ರೀ?' ಎಂದು ಕೇಳದೆ ಏಳುತ್ತಿರಲಿಲ್ಲ. ಹುಡುಗಿ ಚಾಪೆಯ ಅಂಚನ್ನು ನೋಡುತ್ತ ಒಂದು ದೇವರನಾಮ ಹೇಳುತ್ತಿದ್ದಳು. ಅದಕ್ಕೆಂದೇ ಕಲಿತು ಇಟ್ಟುಕೊಂಡ ಹಾಡು ಅದು; ಮದುವೆಯಾದ ಮೇಲೆ ಅದನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲ. ಆ ಹಾಡಿನಿಂದ ತಿಳಿಯಬೇಕಾದದ್ದು ಇಷ್ಟೇ: ಹುಡುಗಿ ಮೂಗಿಯಲ್ಲ, ಉಗ್ಗುವುದಿಲ್ಲ, ನಾಲ್ಕು ಜನರೆದುರು ಬಾಯಿ ಬಿಡಬಲ್ಲಳು, ಆದರೆ ಬೇಕಾದ್ದಕ್ಕಿಂತ ಹೆಚ್ಚು ಬಿಡುವವಳಲ್ಲ. ನನ್ನ ಸೋದರತ್ತೆಯೊಬ್ಬಳು ಇಂಥದೊಂದು ಸಂದರ್ಭದಲ್ಲಿ ಮೈಮರೆತು ಹತ್ತು ನಿಮಿಷ ಹಾಡಿಬಿಟ್ಟಳಂತೆ. ಬಂದವರು ಊರಿಗೆ ಹೋಗಿ, 'ಇಷ್ಟು ಹಾಡೋ ಹುಡುಗಿ ರೊಟ್ಟಿ ಯಾವಾಗ ಬಡೀಬೇಕು?' ಎಂದು ಹೇಳಿಕಳುಹಿಸಿದರಂತೆ.

ಹೋದ ವರ್ಷ ನನ್ನ ಅಣ್ಣನ ಮಗಳಿಗೆ ಬಂದೊದಗಿದ ಪರೀಕ್ಷೆ ಇದಕ್ಕಿಂತ ಕಠಿಣವಾದದ್ದು. ಅವಳು ಬೆಂಗಳೂರಿನಲ್ಲಿ ಓದುತ್ತಿರುವವಳು. ಅಲ್ಲಿಯ ಹವ್ಯಾಸಿ ತಂಡವೊಂದು ಕನ್ನಡ ಇಂಗ್ಲಿಷು ಎರಡೂ ಬೆರೆತ ರಾಕ್ ಸಂಗೀತ ನಾಟಕವೊಂದನ್ನು ಆಡಲು ಹೊರಟಿತ್ತು. ನಟನಟಿಯರ ಆಯ್ಕೆಗೆ ಬರುವವರೆಲ್ಲ ಒಂದು ಹಾಡು ಸಿದ್ಧಮಾಡಿಕೊಂಡು ಬರಬೇಕು. ಭಾಷೆ ಯಾವುದಾದರೂ ಆದೀತು. ಒಂದು ನಿಮಿಷ ಮೀರಬಾರದು. ಆಡಲಿರುವ ನಾಟಕದ ಹಾಡನ್ನೇ ಹಾಡಬಾರದು. ಹಿಮ್ಮೇಳದ ಧ್ವನಿಮುದ್ರಿಕೆ ಬೇಡ, ಬರಿಯ ಕೊರಳು ಸಾಕು. ಇಷ್ಟು ನಿಬಂಧನೆಗಳನ್ನು ಫೋನಿನಲ್ಲಿ ಹೊತ್ತುಕೊಂಡು ಹುಡುಗಿ ಯುಗಾದಿಗೆ ತಿಳವಳ್ಳಿಗೆ ಬಂದಳು. ನಾನೂ ಕಾಲೇಜಿಗೆ ರಜೆಯೆಂದು ಅದೇ ದಿನ ಬಸ್ಸಿಳಿದಿದ್ದೆ. ಬಾಗಿಲಲ್ಲೇ ಕೇಳಿದಳು: 'ಕಾಕಾ, ನೀವು ಕನ್ನಡ ಕಲಸವ್ರು. ಒಂದ ನಿಮಿಷದಾಗ ಮುಗಿಯೂ ಅಂಥಾ ಒಂದು ಹಾಡು ಹೇಳ್ರಿ ನೋಡೋಣ.'

ತಿಳವಳ್ಳಿಯನ್ನು ನೋಡದ ಓದುಗರಿಗಾಗಿ ಒಂದು ಮಾತು. ಅದು ಹಾನಗಲ್ಲ ತಾಲ್ಲೂಕಿನ ಊರು. ಬಯಲುಸೀಮೆ ಮುಗಿಯಿತೆನ್ನುವಷ್ಟರಲ್ಲಿ, ಮಲೆನಾಡು ಇನ್ನೂ ತೊಡಗಲಿಲ್ಲವೆನ್ನುವಷ್ಟರಲ್ಲಿ ಸಿಕ್ಕುತ್ತದೆ. ಬತ್ತದ ಗದ್ದೆಗಳಿವೆ, ಅಡಿಕೆಯ ತೋಟಗಳಿವೆ, ಸೇವುಣರ ಕಾಲದ ಶಾಂತೇಶ್ವರ ದೇವಾಲಯವಿದೆ. ಅದರ ತಿರುಗಣೆಯ ಕಂಬಗಳ ತಂಪಿನಲ್ಲಿ ಕುಳಿತು ಪರೀಕ್ಷೆಗೆ ಓದಿದವರಲ್ಲಿ ನಾನೂ ಒಬ್ಬ. ಗಿಟಾರು ಮತ್ತು ಡ್ರಮ್ಮುಗಳ ನಾಟಕಕ್ಕೆ ಹಾಡು ಆರಿಸಲು ಇದು ತಕ್ಕ ಸ್ಥಳವೇ ಎಂದು ಯಾರಾದರೂ ಕೇಳಿದರೆ, ಅದಕ್ಕಿಂತ ತಕ್ಕ ಸ್ಥಳ ಹುಡುಕುವುದು ಕಷ್ಟ ಎಂಬುದೇ ನನ್ನ ಉತ್ತರ. ಕಾರಣ ಹೇಳುತ್ತೇನೆ.

ರಾಕ್ ಸಂಗೀತ ನಾಟಕವೆಂಬುದು ಅಮೆರಿಕದಲ್ಲಿ ಕಣ್ಣಿಗೆ ಬಿದ್ದದ್ದು 1967ರಲ್ಲಿ, 'ಹೇರ್' ಎಂಬ ನಾಟಕದಿಂದ. ಮುಂದಿನ ವರ್ಷವೇ ಅದು ನ್ಯೂಯಾರ್ಕಿನ ಬ್ರಾಡ್ವೇಗೆ ಏರಿತು. 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' 1970ರಲ್ಲಿ ಮೊದಲು ಧ್ವನಿಮುದ್ರಿಕೆಯಾಗಿ ಹೊರಬಂದು, ಆ ಮೇಲೆ 1971ರಲ್ಲಿ ರಂಗವನ್ನು ಕಂಡಿತು. ಅದೇ ದಶಕದಲ್ಲಿ ಅಲೀಕ್ ಪದಮ್ಸಿಯವರು ಅದನ್ನು ಮುಂಬಯಿಯಲ್ಲಿ ಆಡಿಸಿದರು. 1996ರಲ್ಲಿ ಬಂದ 'ರೆಂಟ್', ನೂರು ವರ್ಷ ಹಿಂದಿನ ಇಟಾಲಿಯನ್ ಗೀತನಾಟಕವೊಂದರ ಕಥೆಯನ್ನು ನ್ಯೂಯಾರ್ಕಿನ ಬಡ ಕಲಾವಿದರ ಓಣಿಗೆ ತಂದಿತು. ಹಳೆಯ ಕಥೆ, ಹೊಸ ವಾದ್ಯ, ಮಾತಿಗಿಂತ ಹೆಚ್ಚು ಹಾಡು, ಪಾತ್ರದ ದುಃಖವೆಲ್ಲ ಏರುದನಿಯಲ್ಲಿ. ಇದನ್ನು ಎಲ್ಲೋ ಕೇಳಿದ ಹಾಗಿದೆಯಲ್ಲವೇ? ನಮ್ಮ ಕಂಪನಿ ನಾಟಕಗಳು ಮಾಡಿದ್ದೂ ಇದನ್ನೇ. ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿಯ 'ಸಂಗೀತ ಶಾಕುಂತಲ'ವನ್ನು ಪುಣೆಯಲ್ಲಿ ಆಡಿಸುವುದಕ್ಕೂ ಮೊದಲೇ, ಅದೇ 1870ರ ದಶಕದಲ್ಲಿ, ಗದುಗಿನಲ್ಲಿ ಕನ್ನಡ ನಾಟಕ ಕಟ್ಟಲು ಹೊರಟ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಹುಟ್ಟಿದ್ದು ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ. ತಿಳವಳ್ಳಿಗೆ ಅದು ನೆರೆಯ ಸೀಮೆ. ಕಾಲಿನಿಂದ ಗಾಳಿಯೂದುವ ಹಾರ್ಮೋನಿಯಮ್ಮಿನ ಜಾಗಕ್ಕೆ ವಿದ್ಯುತ್ ಗಿಟಾರು ಬಂದಿದೆ ಎಂದಿಟ್ಟುಕೊಂಡರೆ ನಾವು ಪರಸ್ಥಳದವರೇನೂ ಆಗುವುದಿಲ್ಲ.

ಹಾಡು ಕೇಳಿ ಹುಡುಗರನ್ನು ಆರಿಸಿದ ಕಥೆಗಳಿಗೂ ಈ ಸೀಮೆಯಲ್ಲಿ ಬರವಿಲ್ಲ. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ರಂಗದ ಮೇಲೆ ಹಾಡುತ್ತಿದ್ದಾಗಲೇ ಗುರುಗಳ ಕಿವಿಗೆ ಬಿದ್ದವರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡು ಬಾಲಕನೊಬ್ಬನ ಕೊರಳನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೇಳಿ ಮೆಚ್ಚದೆ ಹೋಗಿದ್ದರೆ ನಮಗೆ ಪಂಚಾಕ್ಷರಿ ಗವಾಯಿಗಳು ದೊರೆಯುತ್ತಿರಲಿಲ್ಲ. ಆ ಬಾಲಕ ಯಾವ ಹಾಡು ಹಾಡಬೇಕೆಂದು ರಾತ್ರಿಯೆಲ್ಲ ಕುಳಿತು ಯೋಚಿಸಿರಲಾರ. ನಮ್ಮ ಹುಡುಗಿಗೆ ಆ ಭಾಗ್ಯವಿರಲಿಲ್ಲ. ಫೋನಿನಲ್ಲಿ ಲಕ್ಷ ಹಾಡುಗಳಿದ್ದವು.

ಮನೆಯ ಪಡಸಾಲೆಯಲ್ಲಿ ಸಭೆ ಸೇರಿತು. ಇಂಥ ಸಭೆಗಳಲ್ಲಿ ತಜ್ಞರಿಗೆ ಕೊರತೆಯೇ ಇರುವುದಿಲ್ಲ. ಅತ್ತಿಗೆ ಸಿನಿಮಾ ಹಾಡಿನ ಪಕ್ಷ. ನಮ್ಮ ತಾಯಿ ಬೀಸುವ ಕಲ್ಲಿನ ಪದಗಳ ಪಕ್ಷ. ಅದರಲ್ಲಿ ಒಂದು ನಿಮಿಷಕ್ಕೆ ಕಥೆ ಬಾಗಿಲನ್ನೂ ದಾಟುವುದಿಲ್ಲ. ನಾನು ನನ್ನ ವೃತ್ತಿಧರ್ಮಕ್ಕೆ ತಕ್ಕಂತೆ ಅಕ್ಕಮಹಾದೇವಿಯ ವಚನವೊಂದನ್ನು ಸೂಚಿಸಿದೆ. ಪಕ್ಕದ ಮನೆಯ ಹುಡುಗ ಇಂಗ್ಲಿಷಿನ ಯಾವುದೋ ಪ್ರಸಿದ್ಧ ಹಾಡಿನ ಹೆಸರು ಹೇಳಿ, ಅದರ ತುದಿಯಲ್ಲಿ ಬರುವ ಚೀತ್ಕಾರವನ್ನು ತಾನೇ ಮಾಡಿ ತೋರಿಸಿದ. ಕೊಟ್ಟಿಗೆಯಲ್ಲಿದ್ದ ಎಮ್ಮೆ ತಲೆಯೆತ್ತಿ ನೋಡಿತು.

ಹುಡುಗಿ ಒಂದೊಂದನ್ನೇ ಹಾಡಿ ನೋಡಿದಳು. ಸಿನಿಮಾ ಹಾಡಿಗೆ ಒಂದು ತೊಡಕಿದೆ. ಅದು ಧ್ವನಿವರ್ಧಕದ ಹತ್ತಿರ ನಿಂತು, ಉಸಿರೂ ಕೇಳುವಂತೆ ಹಾಡಿದ್ದು. ಆ ಯಂತ್ರವನ್ನು ತೆಗೆದುಬಿಟ್ಟರೆ ಅರ್ಧ ಹಾಡು ಅದರ ಜೊತೆಗೇ ಹೊರಟುಹೋಗುತ್ತದೆ. ಇಂಗ್ಲಿಷ್ ಹಾಡು ಅವಳ ಬಾಯಲ್ಲಿ ತಪ್ಪಿಲ್ಲದೆ ಬಂದಿತು, ಆದರೆ ಬಾಡಿಗೆಯ ಕೋಟು ಹಾಕಿಕೊಂಡವನ ಭುಜದ ಹಾಗೆ ಎಲ್ಲೋ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅಲ್ಲದೆ ಅದನ್ನೇ ಹಾಡಲು ಇನ್ನೂ ಇಪ್ಪತ್ತು ಮಂದಿ ಬಂದಿರುತ್ತಾರೆ. ಕೇಳುವವರ ಕಿವಿಯಲ್ಲಿ ಮೂಲ ಗಾಯಕನೊಬ್ಬ ಆಗಲೇ ಕಾಲು ಚಾಚಿ ಕುಳಿತಿರುತ್ತಾನೆ. ನಾನು ಸೂಚಿಸಿದ ವಚನಕ್ಕೂ ಅದೇ ಗತಿ. ಮನ್ಸೂರರನ್ನು ಒಮ್ಮೆ ಕೇಳಿದವರು ವಚನವನ್ನು ಬೇರೆಯವರ ಬಾಯಿಂದ ಕೇಳುವಾಗ ಅವರನ್ನೇ ಹುಡುಕುತ್ತಾರೆ. ಆ ನಾಟಕದ ಹಾಡು ಬೇಡವೆಂದು ತಂಡದವರು ನಿಬಂಧನೆ ಹಾಕಿದ್ದರ ಮರ್ಮವೂ ಇದೇ ಇರಬೇಕು. ಪಾತ್ರಕ್ಕೆ ಯಾರು ಸರಿ ಎಂದು ನೋಡುವುದು ಅವರ ಕೆಲಸ. ಬಂದವಳು ಯಾರು ಎಂದು ಮೊದಲು ತಿಳಿಯಬೇಡವೇ?

ಇಷ್ಟರಲ್ಲಿ ನನಗೆ ಇನ್ನೊಂದು ಸಂಗತಿ ಗಮನಕ್ಕೆ ಬಂದಿತು. ಪ್ರತಿ ಹಾಡನ್ನೂ ಅವಳು ತನ್ನದಲ್ಲದ ಎತ್ತರದಲ್ಲಿ ತೊಡಗುತ್ತಿದ್ದಳು. ಕೊರಳು ಮೇಲೆ ಹೋದಂತೆಲ್ಲ ಮುಖ ಸಣ್ಣದಾಗುತ್ತಿತ್ತು. 'ಇನ್ನೊಂದೀಟು ಕೆಳಗ ಹಿಡಿಯವ್ವಾ,' ಎಂದೆ. ಅವಳು ಹಿಡಿಯಲಿಲ್ಲ. ಆ ಮೇಲೆ, ಎಲ್ಲರೂ ಊಟಕ್ಕೆ ಎದ್ದಾಗ ಹೇಳಿದಳು. ಶಾಲೆಯಲ್ಲಿ ಎಂಟನೆಯ ಇಯತ್ತೆಯಲ್ಲಿದ್ದಾಗ ಗಣರಾಜ್ಯೋತ್ಸವಕ್ಕೆ ಸಮೂಹಗಾನ. ಕಲಿಸುತ್ತಿದ್ದವರು ಸಾಲಿನ ಮುಂದೆ ನಡೆಯುತ್ತ ಬಂದು ಇವಳ ಎದುರು ನಿಂತರು. 'ನಿಂದು ಗಂಡುದನಿ. ನೀ ಬರೇ ತುಟಿ ಆಡಸು, ಸಾಕು,' ಎಂದರು. ಜನವರಿ ಇಪ್ಪತ್ತಾರರಂದು ಅವಳು ತುಟಿ ಆಡಿಸಿದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವಳ ಅವ್ವ ಮನೆಗೆ ಬಂದು, ಎಲ್ಲರಿಗಿಂತ ನಿನ್ನ ದನಿಯೇ ಚೆನ್ನಾಗಿ ಕೇಳಿಸಿತೆಂದು ಹೊಗಳಿದಳಂತೆ. ಅಂದಿನಿಂದ ನಾಲ್ಕು ಜನರೆದುರು ಹಾಡಿದ್ದು ಇದೇ ಮೊದಲು.

ಇಂಥ ಮಾತು ಕೇಳಿದಾಗ ಕನ್ನಡ ಮಾಸ್ತರನಾದವನು ಏನಾದರೂ ಹೇಳಲೇಬೇಕಾಗುತ್ತದೆ. ನಾನು ಗಂಗೂಬಾಯಿ ಹಾನಗಲ್ಲರ ಕಥೆ ಹೇಳಿದೆ. ಅವರ ಹೆಸರಿನ ತುದಿಯಲ್ಲಿರುವುದು ನಮ್ಮ ತಾಲ್ಲೂಕೇ. ಎಳೆಯ ವಯಸ್ಸಿನ ಅವರ ಧ್ವನಿಮುದ್ರಿಕೆಗಳಲ್ಲಿ ತೆಳುವಾದ ಹೆಣ್ಣುದನಿಯಿದೆ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಹೋಗಿ, ಗಂಡಸರದೋ ಎಂದು ಭ್ರಮೆ ಹುಟ್ಟಿಸುವ ಗಡಸು ದನಿ ಬಂದಿತು. ಅವರು ತುಟಿ ಆಡಿಸುತ್ತ ಕುಳಿತುಕೊಳ್ಳಲಿಲ್ಲ. 2009ರಲ್ಲಿ ತೊಂಬತ್ತಾರು ವರ್ಷದವರಾಗಿ ತೀರಿಕೊಳ್ಳುವವರೆಗೆ ಲೋಕ ಅವರನ್ನು ಗುರುತಿಸಿದ್ದು ಆ ದನಿಯಿಂದಲೇ. ಹುಡುಗಿ ಕೇಳಿ ತಲೆಯಾಡಿಸಿದಳು. ದೊಡ್ಡವರ ಉದಾಹರಣೆಗಳಿಗೆ ಚಿಕ್ಕವರು ಸಾಮಾನ್ಯವಾಗಿ ಹೀಗೆಯೇ ತಲೆಯಾಡಿಸುತ್ತಾರೆ.

ಇಷ್ಟು ಹೊತ್ತೂ ಅಣ್ಣ ಒಂದು ಮಾತು ಆಡಿರಲಿಲ್ಲ. ಅಣ್ಣನಿಗೆ ಬೀಜ ಗೊಬ್ಬರದ ಅಂಗಡಿ. ಎರಡು ಎಕರೆ ಅಡಿಕೆ. ನಮ್ಮ ಓಣಿಯ ಭಜನಾ ಮೇಳದಲ್ಲಿ ಹಾರ್ಮೋನಿಯಮ್. ಅವನು ನನಗಿಂತ ಹತ್ತು ವರ್ಷಕ್ಕೆ ಹಿರಿಯ. 1980ರ ದಶಕದ ಮೊದಲಲ್ಲಿ ಹಾನಗಲ್ಲಿಗೆ ಒಂದು ನಾಟಕ ಕಂಪನಿ ಬಂದು ಮುಕ್ಕಾಂ ಮಾಡಿದಾಗ ಅಣ್ಣ ಮನೆಯಲ್ಲಿ ಹೇಳದೆ ಹೋಗಿ ಮಾಲೀಕರೆದುರು ಹಾಡಿದನೆಂದೂ, ಅವರು ಇವನನ್ನು ಆರಿಸಿ ಟ್ರಂಕು ತೆಗೆದುಕೊಂಡು ಬಾ ಎಂದರೆಂದೂ, ಅಪ್ಪ ಆ ಟ್ರಂಕಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡನೆಂದೂ ತಾಯಿ ಹೇಳಿದ್ದುಂಟು. ಅಣ್ಣ ತಾನಾಗಿ ಎಂದೂ ಹೇಳಿರಲಿಲ್ಲ. ಅಂದು ಊಟವಾದ ಮೇಲೆ ಅಡಿಕೆ ಕತ್ತರಿಸುತ್ತ ಹೇಳಿದ:

'ನಾ ಹಾಡಿದಾಗ ಮಾಲಕರು ಮುಂದ ಕೂಡ್ರಲೇ ಇಲ್ಲ. ಎದ್ದು ತಗಡಿನ ಕಡೀಕ ಹೋಗಿ, ಕಡೇ ಬೆಂಚಿನ ಮ್ಯಾಲೆ ಕುಂತ್ರು. ನಾ ಹಾಡಿ ಮುಗಿಸಿದೆ. ಅಲ್ಲಿಂದ ಕೇಳಿದ್ರು, ಏನಂದಿ ತಮ್ಮಾ? ನಾನು ಮತ್ತ ಹಾಡಿದೆ. ಮತ್ತ ಕೇಳಿದ್ರು, ಏನಂದಿ? ಆಗ ನನಗ ತಿಳೀತು. ಅವರು ರಾಗ ಕೇಳಾಕತ್ತಿದ್ದಿಲ್ಲ. ಮಾತು ಕೇಳಾಕತ್ತಿದ್ರು. ಮೂರನೇ ಸಲ ಹಾಡಲಿಲ್ಲ ನಾನು, ಹೇಳಿದೆ. ಸುರದಾಗ ಹೇಳಿದೆ, ಅಷ್ಟ.'

ನಾನು ಇಪ್ಪತ್ತು ವರ್ಷ ತರಗತಿಯಲ್ಲಿ ಛಂದಸ್ಸು ಕಲಿಸಿದ್ದೇನೆ. ಹಾಡುಗಬ್ಬಗಳ ಮೇಲೆ ಟಿಪ್ಪಣಿ ಬರೆಸಿದ್ದೇನೆ. ರಂಗಗೀತೆಯ ಲಕ್ಷಣವನ್ನು ಇಷ್ಟು ಸರಿಯಾಗಿ ಹೇಳಿದ ಪುಸ್ತಕ ನನ್ನ ಕಪಾಟಿನಲ್ಲಿಲ್ಲ. ಕಚೇರಿಯಲ್ಲಿ ಕುಳಿತು ಹಾಡುವವನಿಗೆ ಎದುರಿಗಿರುವುದು ರಾಗ. ನಾಟಕದಲ್ಲಿ ನಿಂತು ಹಾಡುವವಳ ಎದುರಿಗೆ ಇನ್ನೊಬ್ಬ ಪಾತ್ರವಿದೆ. ಅವನಿಂದ ಅವಳಿಗೆ ಏನೋ ಬೇಕಾಗಿದೆ. ಗಿಟಾರೂ ಡ್ರಮ್ಮೂ ಗುಡುಗುತ್ತಿರುವಾಗ ಆ ಬೇಡಿಕೆ ಕಡೆಯ ಬೆಂಚಿಗೆ ಮುಟ್ಟದಿದ್ದರೆ ಉಳಿಯುವುದು ಸದ್ದು ಮಾತ್ರ. ರಾಕ್ ಹಾಡುವವರ ದನಿ ಒರಟಾಗಿದ್ದರೂ ಜನ ಕೇಳುವುದು, ಆ ಒರಟಿನಲ್ಲಿ ಮಾತು ನಿಜವೆನ್ನಿಸುವುದರಿಂದ. ಇಂಪಾದ ದನಿಯನ್ನು ಜನ ಮೆಚ್ಚುತ್ತಾರೆ, ನಂಬುತ್ತಾರೆಂದು ಹೇಳುವಂತಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಹಿತ್ತಿಲು ನಾಟಕಗೃಹವಾಯಿತು. ಹುಡುಗಿ ಬಾವಿಕಟ್ಟೆಯ ಹತ್ತಿರ. ಅಣ್ಣ ಹಿತ್ತಿಲ ಕೊನೆಯಲ್ಲಿ, ಬಣವೆಯ ನೆರಳಿನಲ್ಲಿ. ಇವಳು ಒಂದೊಂದಾಗಿ ಹಾಡುವುದು, ಅಲ್ಲಿಂದ 'ಏನಂದಿ?' ಎಂಬ ಕೂಗು. ಸಿನಿಮಾ ಹಾಡು ಬಾವಿಯ ರಾಟೆಯನ್ನು ದಾಟಲಿಲ್ಲ. ಇಂಗ್ಲಿಷ್ ಹಾಡಿನಲ್ಲಿ ಚೀತ್ಕಾರವೊಂದೇ ಬಣವೆಯನ್ನು ಮುಟ್ಟಿತು. ವಚನ ಹೋಯಿತು, ಆದರೆ ಬಹಳ ಗಂಭೀರವಾಗಿ, ಪ್ರಾರ್ಥನೆಯ ಹಾಗೆ ಹೋಯಿತು.

ಆಗ ಅಣ್ಣನೇ ಅಲ್ಲಿಂದ ಕೂಗಿ, ಭಜನೆಯಲ್ಲಿ ಹಾಡುವ ಶರೀಫರ ಪದವೊಂದನ್ನು ಹೇಳು ಎಂದ. ಮಳೆಗಾಲದಲ್ಲಿ ಸೂರು ಹರಿದ ಮನೆಯ ಪಾಡನ್ನು ಹೇಳುವ ಪದ ಅದು. ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬದುಕಿದವರು, ಶಿಗ್ಗಾವಿ ತಾಲ್ಲೂಕಿನವರು, ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ತತ್ವಪದಗಳಿಗೆ ನಾಟಕಕ್ಕೆ ಬೇಕಾದ ಒಂದು ಗುಣವಿದೆ. ಹೊರಗೆ ಮನೆ, ಮಳೆ, ಕೋಳಿ, ಚಿಲುಮೆಯಂಥ ನಿತ್ಯದ ವಸ್ತು. ಒಳಗೆ ದೇಹ, ಸಾವು, ಗುರು. ಹಾಡುವವಳು ಒಳಗಿನದನ್ನು ಹಾಡಲು ಹೋಗಬೇಕಾಗಿಲ್ಲ. ಮನೆ ಸೋರುತ್ತಿದೆ ಎಂದು ಮನಸ್ಸಿಟ್ಟು ಹೇಳಿದರೆ ಮಿಕ್ಕದ್ದು ತಾನಾಗಿ ಬರುತ್ತದೆ. ತಿಳವಳ್ಳಿಯಲ್ಲಿ ಆಷಾಢದಲ್ಲಿ ಹಂಚು ಸರಿದ ಮನೆಯಲ್ಲಿ ಪಾತ್ರೆಗಳನ್ನು ಅಲ್ಲಲ್ಲಿ ಇಟ್ಟುಕೊಂಡು ಮಲಗಿದವರಿಗೆ ಅದನ್ನು ನಟಿಸಲು ಯಾವ ಶಾಲೆಯೂ ಬೇಡ. ಏಕತಾರಿ, ದಮ್ಮಡಿಗಳ ಬಡಿತದಲ್ಲೇ ಹುಟ್ಟಿದ ಲಯವಾದ್ದರಿಂದ ಡ್ರಮ್ಮಿಗೂ ಅದು ಒಗ್ಗುತ್ತದೆ. ರಘು ದೀಕ್ಷಿತರು ಗಿಟಾರು ಹಿಡಿದು ಶರೀಫರ ಪದಗಳನ್ನು ದೇಶವಿದೇಶಗಳಲ್ಲಿ ಹಾಡಿದ್ದು ಸುಮ್ಮನೆ ಅಲ್ಲ.

ಆದರೆ ಇಲ್ಲಿಯೂ ಕಾಲು ಚಾಚಿ ಕುಳಿತವರೊಬ್ಬರಿದ್ದಾರೆ. ಸಿ. ಅಶ್ವತ್ಥರು ಶರೀಫರನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು. 1990ರ ನಾಗಾಭರಣರ ಚಲನಚಿತ್ರವೂ ಆ ಕೆಲಸ ಮಾಡಿತು. ಇಂದು ಯಾರು ಶರೀಫರನ್ನು ಹಾಡಿದರೂ ಅಶ್ವತ್ಥರ ಎತ್ತುಗಡೆ ನುಸುಳುತ್ತದೆ. ನಮ್ಮ ಹುಡುಗಿಯೂ ಮೊದಲು ಹಾಗೆಯೇ ಎತ್ತಿದಳು. ಅಣ್ಣ ಕೈಯಾಡಿಸಿ ನಿಲ್ಲಿಸಿದ. ಒಳಗಿನಿಂದ ಪೆಟ್ಟಿಗೆ ತರಿಸಿ ಬಾವಿಕಟ್ಟೆಯ ಮೇಲಿಟ್ಟ. ನಮ್ಮ ಮೇಳದ ಧಾಟಿ ಬೇರೆ. ಅಷ್ಟೊಂದು ಏರುವುದಿಲ್ಲ, ಮಾತಿನ ಬೆನ್ನಿಗೇ ನಡೆಯುತ್ತದೆ. ಹೆಂಗಸರಿಗೆಂದು ಸಾಮಾನ್ಯವಾಗಿ ಹಿಡಿಯುವ ಕಪ್ಪು ಐದರಿಂದ ಶುರುವಾಯಿತು. ಅವಳ ಮುಖ ಸಣ್ಣದಾಯಿತು. ಬಿಳಿ ಆರಕ್ಕೆ ಇಳಿಸಿದ. ಕಪ್ಪು ನಾಲ್ಕು. ಬಿಳಿ ಐದು. ಒಂದೊಂದು ಮೆಟ್ಟಲು ಇಳಿಸುತ್ತ, ಮಗಳ ಕಡೆ ನೋಡದೆ, ಬೆರಳುಗಳನ್ನೇ ನೋಡುತ್ತ ನುಡಿಸಿದ. ಕಪ್ಪು ಮೂರಕ್ಕೆ ಬಂದಾಗ ಹಿತ್ತಿಲಲ್ಲಿ ಬೇರೆ ಯಾರೋ ಹಾಡಲು ತೊಡಗಿದ ಹಾಗಾಯಿತು. ಅಡಿಗೆಮನೆಯಿಂದ ಅತ್ತಿಗೆ ಹೊರಗೆ ಬಂದು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತಳು. ಅಣ್ಣ ಪೆಟ್ಟಿಗೆ ಬಿಟ್ಟು ಬಣವೆಯ ಹತ್ತಿರ ಹೋದ. ಪದ ಮುಗಿಯಿತು. 'ಏನಂದಿ?' ಎಂದು ಅವನು ಕೇಳಲಿಲ್ಲ.

ಮುಂದಿನದೆಲ್ಲ ಕಸುಬಿನ ಕೆಲಸ. ಇಡೀ ಪದಕ್ಕೆ ನಾಲ್ಕು ನಿಮಿಷ ಬೇಕು. ಪಲ್ಲವಿಯಿಂದ ತೊಡಗಿದರೆ ಅದನ್ನು ಎರಡು ಸಲ ತಿರುಗಿಸುವುದರಲ್ಲೇ ಅರ್ಧ ನಿಮಿಷ ಹೋಗುತ್ತದೆ. ನಡುವಿನ ನುಡಿಯಿಂದ ತೊಡಗಿ ಪಲ್ಲವಿಯನ್ನು ಕೊನೆಗೆ ಒಂದೇ ಸಲ ಹಿಡಿಯಬೇಕೆಂದು ಗೊತ್ತುಮಾಡಿದೆವು. ಯಾರಿಗೆ ಹೇಳುತ್ತಿದ್ದೀ ಎಂಬುದೊಂದು ಪ್ರಶ್ನೆ ಉಳಿದಿತ್ತು. ದೇವರಿಗೆ ಎಂದು ನಾನು, ಮನೆಯ ಯಜಮಾನನಿಗೆ ಎಂದು ತಾಯಿ. ಹುಡುಗಿ ಬಾಯಿಬಿಟ್ಟು ಯಾರ ಹೆಸರನ್ನೂ ಹೇಳಲಿಲ್ಲ; ಸಾಲಿನ ಮುಂದೆ ನಡೆಯುತ್ತ ಬಂದವರಿಗೇ ಹೇಳುತ್ತಿದ್ದಳೆಂದು ನನ್ನ ಊಹೆ.

ಆಯ್ಕೆಯ ದಿನ ರಾತ್ರಿ ಫೋನು ಬಂದಿತು. ಒಂದು ಹಳೆಯ ಸಭಾಗೃಹ, ನಲವತ್ತಕ್ಕೂ ಮೇಲೆ ಜನ, ಪರೀಕ್ಷಕರು ಮೂವರು. ಪಕ್ಕದ ಮನೆಯ ಹುಡುಗ ಹೇಳಿದ್ದ ಇಂಗ್ಲಿಷ್ ಹಾಡನ್ನು ಇವಳಿಗಿಂತ ಮುಂಚೆಯೇ ಐದು ಮಂದಿ ಹಾಡಿದರಂತೆ. ಇವಳು ಅರ್ಧ ನಿಮಿಷ ಹಾಡುವಷ್ಟರಲ್ಲಿ ಒಬ್ಬರು ಕೈಯೆತ್ತಿ ಸಾಕೆಂದರು. ಎದೆ ಧಸಕ್ಕೆಂದಿತಂತೆ. ಅವರು ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಂಡು, ಅದನ್ನೇ ಸಿಟ್ಟಿನಿಂದ ಹಾಡು ಎಂದರು. ಹಾಡಿದಳು. ನಗುತ್ತ ಹಾಡು ಎಂದರು. ಹಾಡಿದಳು. ಆ ಮೇಲೆ ಗಿಟಾರಿನ ಹುಡುಗನನ್ನು ಕರೆದರು. ಅವನು ಯಾವ ಶ್ರುತಿ ಎಂದು ಕೇಳಿದ. 'ಕಪ್ಪು ಮೂರು,' ಎಂದಳು. ಅವನು ಕಣ್ಣು ಕಣ್ಣು ಬಿಟ್ಟ. ಇಂಗ್ಲಿಷಿನವರು ಅದನ್ನು ಎಫ್ ಶಾರ್ಪ್ ಎನ್ನುತ್ತಾರೆಂದು ಮೂಲೆಯಲ್ಲಿ ಕೀಬೋರ್ಡಿನ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಬಿಡಿಸಿ ಹೇಳಿದರಂತೆ. ಅವರು ಯಾವ ಊರಿನವರೋ ಕೇಳಬೇಕಾಗಿತ್ತು ಎಂದೆ. 'ಕೇಳಿದೆ ಕಾಕಾ, ರಾಣೇಬೆನ್ನೂರು ಕಡೇಯವರಂತ,' ಎಂದಳು.

ನಾಲ್ಕನೆಯ ದಿನ ಫಲಿತಾಂಶ ತಿಳಿಯಿತು. ಮುಖ್ಯ ಪಾತ್ರವಲ್ಲ. ಮೇಳದಲ್ಲಿ ಆರು ಮಂದಿ, ಅವರಲ್ಲಿ ಒಬ್ಬಳು. ಎರಡನೆಯ ಅಂಕದಲ್ಲಿ ಒಬ್ಬ ಮುದುಕಿಯ ಚಿಕ್ಕ ಪಾತ್ರ, ಅವಳಿಗೊಂದು ಹಾಡು. ಆ ಹಾಡನ್ನು ಇವಳ ಕೊರಳಿಗೆ ತಕ್ಕಂತೆ ಕೆಳಗಿಳಿಸಿ ಬರೆಯುತ್ತಾರಂತೆ. ಅತ್ತಿಗೆಗೆ ಮಗಳು ಮುದುಕಿಯಾಗುವುದು ಅಷ್ಟಾಗಿ ರುಚಿಸಲಿಲ್ಲ. ಅಣ್ಣ ಅಂಗಡಿಯಲ್ಲಿದ್ದ. ಫೋನನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ ಕೊಟ್ಟೆ. ಗಿರಾಕಿಗೆ ಯೂರಿಯಾ ಚೀಲ ಎತ್ತಿಕೊಡುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ. ನಾಟಕ ಎಂದು, ಎಷ್ಟು ಹೊತ್ತಿಗೆ, ಬಸ್ಸಿಳಿದು ಎಷ್ಟು ದೂರ ಎಂದೆಲ್ಲ ವಿಚಾರಿಸಿದ. ಕೊನೆಗೆ ದನಿ ತಗ್ಗಿಸಿ ಕೇಳಿದ:

'ಕಡೇ ಬೆಂಚಿನ ಟಿಕೀಟು ಎಷ್ಟಂತವಾ?'